ಎರಡು ವರ್ಷ ತುಂಬಿದ ಈ ಹೊತ್ತಿನಲ್ಲಿ ನೆನೆಯಬೇಕಾದವರು

ನಮ್ಮ ಯಜಮಾನರು ಮದ್ಯ ಮುಟ್ಟದೆ ನಿನ್ನೆಗೆ ಎರಡು ವರ್ಷ ತುಂಬಿತು. ಹೊಸನಗರ ತಾಲ್ಲೂಕಿನ ಒಂದು ಮೂಲೆಯಲ್ಲಿ ಅಡಿಕೆ ತೋಟ ನೋಡಿಕೊಂಡಿರುವ ಅವರ ಒಪ್ಪಿಗೆ ಪಡೆದು, ಬರೆದದ್ದನ್ನು ಅವರಿಗೆ ಓದಿ ಹೇಳಿ, ಆಮೇಲೆ ಇದನ್ನು ಎಲ್ಲರ ಮುಂದಿಡುತ್ತಿದ್ದೇನೆ. ಮನೆಯ ಕುಡಿತವನ್ನು 11 ವರ್ಷ ಮುಚ್ಚಿಟ್ಟುಕೊಂಡು ಬಂದವರು ನಾವು. ನೆರವಾದವರ ಉಪಕಾರವನ್ನಾದರೂ ಬಹಿರಂಗವಾಗಿ ಹೇಳಬೇಕೆಂದು ಇಬ್ಬರಿಗೂ ಅನ್ನಿಸಿತು.

ಮೊದಲ ನಮಸ್ಕಾರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಆ ರಾತ್ರಿ ಪಾಳಿಯಲ್ಲಿದ್ದ ಸಿಸ್ಟರ್ ಅವರಿಗೆ. ಸಿಗಂದೂರಿನಲ್ಲಿ ದೇವಿಯೆದುರು ಆಣೆ ಮಾಡಿ ಬಂದಿದ್ದ ನಮ್ಮ ಯಜಮಾನರು ಅಂದಿನಿಂದಲೇ ಕುಡಿತವನ್ನು ಪೂರ್ತಿ ನಿಲ್ಲಿಸಿದ್ದರು. ಮರುದಿನ ಕೈನಡುಕ, ಮೈಯೆಲ್ಲ ಬೆವರು. ಮೂರನೆಯ ರಾತ್ರಿ ಗೋಡೆಯ ತುಂಬ ಇರುವೆ ಹರಿಯುತ್ತಿವೆ ಎಂದು ಕೂಗಾಡತೊಡಗಿ, ನನ್ನ ಗುರುತೂ ಸಿಗದಂತಾದರು. ಗಾಳಿ ಸೋಕಿದೆ ಎಂದವರಿದ್ದರು, ನಾಟಕ ಎಂದವರೂ ಇದ್ದರು. ಸುರಿಯುವ ಮಳೆಯಲ್ಲಿ ಜೀಪು ಮಾಡಿಕೊಂಡು ಆಸ್ಪತ್ರೆ ಮುಟ್ಟಿದಾಗ ಸಿಸ್ಟರ್ ಕೇಳಿದ ಮೊದಲ ಪ್ರಶ್ನೆ, "ಕೊನೆಯ ಸಲ ಕುಡಿದದ್ದು ಯಾವಾಗ?" ಎಂಬುದು. ಮೂರು ದಿನದಿಂದ ಮುಟ್ಟಿಲ್ಲ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ; ಅವರು ಕೂಡಲೇ ವೈದ್ಯರನ್ನು ಕರೆಯಲು ಓಡಿದರು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕು ದಿನಗಳೊಳಗೆ ಇಂಥ ಸನ್ನಿ ಹಿಡಿಯಬಹುದು, ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು ಎಂಬುದು ಅಲ್ಲಿಯವರೆಗೆ ನಮಗೆ ತಿಳಿದಿರಲಿಲ್ಲ. ಗ್ಲೂಕೋಸ್ ಏರಿಸುವ ಮುನ್ನ ಥಯಾಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್ ಕೊಟ್ಟರು. ಬಹುಕಾಲ ಕುಡಿದವರಲ್ಲಿ ಅದರ ಕೊರತೆಯಿಂದ ಮಿದುಳಿಗೆ ಶಾಶ್ವತ ಹಾನಿಯಾಗುವುದುಂಟು. ನಡುಕ, ಸನ್ನಿಗಳನ್ನು ತಗ್ಗಿಸುವ ಔಷಧಿಯನ್ನು ದಿನದಿಂದ ದಿನಕ್ಕೆ ಇಳಿಸುತ್ತ ಬಂದರು. ಆಣೆಯ ಬಗ್ಗೆ ನನಗೆ ಈಗಲೂ ಭಕ್ತಿಯಿದೆ. ಆದರೆ ಆಣೆ ಮಾಡಿಸುವ ಮುಂಚೆ ವೈದ್ಯರಿಗೆ ತೋರಿಸಬೇಕಿತ್ತು.

ಮನೋವೈದ್ಯರನ್ನು ನೆನೆಯುವಾಗ ನನ್ನ ತಪ್ಪೊಂದನ್ನೂ ಹೇಳಿಕೊಳ್ಳಬೇಕು. ಕುಡಿತ ಬಿಡಿಸುವ ಪುಡಿಯೆಂದು ಯಾರೋ ಕೊಟ್ಟದ್ದನ್ನು ನಾನು ಇವರಿಗೆ ತಿಳಿಯದಂತೆ ತಿಂಗಳುಗಟ್ಟಲೆ ಕಾಫಿಯಲ್ಲಿ ಬೆರೆಸಿ ಕೊಟ್ಟಿದ್ದೆ. ಅದರಲ್ಲಿ ಡೈಸಲ್ಫಿರಾಮ್‌ನಂಥ ಔಷಧಿ ಇದ್ದಿದ್ದರೆ, ಅದರ ಮೇಲೆ ಇವರು ಕುಡಿದಾಗ ರಕ್ತದೊತ್ತಡ ಕುಸಿದು ಹೃದಯಕ್ಕೇ ಅಪಾಯವಾಗಬಹುದಿತ್ತೆಂದು ವೈದ್ಯರು ವಿವರಿಸಿದರು. ಆ ಔಷಧಿಯನ್ನು ರೋಗಿ ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕು. ಅವರು ನನ್ನನ್ನು ಗದರಲಿಲ್ಲ. ನೀವೂ ದಣಿದಿದ್ದೀರಿ ಎಂದಷ್ಟೇ ಹೇಳಿ, ಯಕೃತ್ತಿನ ಪರೀಕ್ಷೆ ಮಾಡಿಸಿ, ಕುಡಿಯಬೇಕೆಂಬ ಸೆಳೆತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆಯನ್ನು ಇವರ ಕೈಗೇ ಕೊಟ್ಟರು. ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಕಾಯಿಲೆಯೆಂದೇ ಎಣಿಸುತ್ತದೆ ಎಂದು ನನಗೆ ತಿಳಿದದ್ದು ಅವರಿಂದಲೇ.

ಐದು ತಿಂಗಳು ಕಳೆದ ಮೇಲೆ, ನೆಂಟರ ಮದುವೆಯ ಹಿಂದಿನ ರಾತ್ರಿ, ಇವರು ಮತ್ತೆ ಕುಡಿದರು. ಇನ್ನು ಆಸ್ಪತ್ರೆಗೆ ಯಾವ ಮುಖ ಹೊತ್ತು ಹೋಗುವುದೆಂದು ಕುಳಿತಿದ್ದವರಿಗೆ ಆಪ್ತಸಮಾಲೋಚಕರೇ ಫೋನ್ ಮಾಡಿ ಬರಹೇಳಿದರು. ಎಷ್ಟು ಹೊತ್ತಿಗೆ ಕುಡಿದಿರಿ, ಪಕ್ಕದಲ್ಲಿ ಯಾರಿದ್ದರು, ಊಟ ಆಗಿತ್ತೇ ಎಂದು ಒಂದೊಂದನ್ನೇ ಕೇಳಿ ಬರೆಸಿದರು. "ಕೊಳೆರೋಗಕ್ಕೆ ಔಷಧಿ ಹೊಡೆದ ಮೇಲೂ ಮಳೆ ಜೋರಾದರೆ ಇನ್ನೊಂದು ಸಲ ಹೊಡೆಯುವುದಿಲ್ಲವೇ?" ಎಂದು ಅವರು ಅಂದ ಮಾತು ತೋಟದವರಾದ ಇವರಿಗೆ ನಾಟಿತು. ಈ ಎರಡು ವರ್ಷದ ಲೆಕ್ಕ ಶುರುವಾದದ್ದು ಆ ದಿನದಿಂದ. ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ ಎಂದು ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಹೇಳುತ್ತದೆ. ಉಳಿದ 37 ಮನೆಗಳನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಅಂಥ ಮನೆಯವರು 14416ಕ್ಕೆ ಕರೆ ಮಾಡಬಹುದು. ಅದು ಹಗಲಿರುಳೂ ಉಚಿತವಾಗಿ ಸಿಗುವ ಟೆಲಿ ಮಾನಸ್ ಸಹಾಯವಾಣಿ.

ಕಾರಣ ಕೇಳದೆ ರಜೆ ಮಂಜೂರು ಮಾಡಿದ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೂ, ಮದುವೆ ಮುಂಜಿಗಳಲ್ಲಿ ಇವರ ಪಕ್ಕ ಬಿಟ್ಟು ಕದಲದ ನನ್ನ ಮೈದುನನಿಗೂ ನಾವು ಋಣಿಗಳು.

ನಮ್ಮ ತೋಟದಲ್ಲಿ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರನ್ನು ಮರೆಯಲಾರೆ. ಕಳೆದ ಎರಡು ಕೊಯ್ಲಿನಲ್ಲೂ ಅವರು ತಮ್ಮ ಆಳುಗಳು ನಮ್ಮ ಅಂಗಳಕ್ಕೆ ಬಾಟಲಿ ತಾರದಂತೆ ನೋಡಿಕೊಂಡರು. ಮೊನ್ನೆ ಸಂಜೆ ಕೂಲಿ ಎಣಿಸಿಕೊಂಡ ಮೇಲೂ ಹೊರಡದೆ ಜಗಲಿಯ ಅಂಚಿನಲ್ಲಿ ನಿಂತಿದ್ದರು. "ಟೀಚರಮ್ಮ, ನನಗೂ ಅಲ್ಲೊಂದು ಚೀಟಿ ಮಾಡಿಸಿ ಕೊಡ್ತೀರಾ?" ಎಂದು ಕೇಳಿದರು. ವೈದ್ಯರಿಗೆ ತೋರಿಸುವ ತನಕ ತಾವಾಗಿ ಒಮ್ಮೆಲೇ ನಿಲ್ಲಿಸಬೇಡಿ ಎಂದು ಅವರಿಗೆ ಹೇಳಿದ್ದೇವೆ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಇವರೂ ಅವರ ಜೊತೆ ಶಿವಮೊಗ್ಗಕ್ಕೆ ಹೋಗುತ್ತಿದ್ದಾರೆ.