ಒಂದು ಗಂಟೆಯ ಬ್ಯಾಂಡು, ಏಳು ಗಂಟೆಯ ಬ್ಯಾಂಡು

ಪುಟ್ಟೀ,

ನಿನ್ನೆ ರಾತ್ರಿ ನಿನ್ನ ಕೋಣೆಯಿಂದ ಒಂದೇ ಸಾಲು ಇಪ್ಪತ್ತು ಸಲವಾದರೂ ಕೇಳಿಸಿತು. ಜಾಝ್‌ನ ಟೆನರ್ ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ 1936ರಲ್ಲಿ ನುಡಿಸಿದ ಸೋಲೋದ ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ಸುತ್ತು. ಅರ್ಧ ಸ್ಪೀಡಿನಲ್ಲಿ ರೆಕಾರ್ಡಿಂಗು, ಆಮೇಲೆ ನೀನು, ಮತ್ತೆ ರೆಕಾರ್ಡಿಂಗು. ಯಾವುದು ಅವನದು ಯಾವುದು ನಿನ್ನದು ಅಂತ ಗೊತ್ತೇ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಗೊತ್ತಾಯಿತು. ಅವನು ಬೀಟಿಗಿಂತ ಒಂಚೂರು ಹಿಂದೆ, ಆರಾಮಾಗಿ ಬರುತ್ತಾನೆ. ನೀನು ಬಸ್ಸು ತಪ್ಪಿಹೋಗುತ್ತೆ ಅನ್ನೋ ಹಾಗೆ ಓಡುತ್ತೀಯ.

ಇರಲಿ. ಜಾಝ್ ಓದೋಕೆ ಅಂತ ಫ್ರಿಜ್ಜಿನ ಮೇಲೆ ಅಂಟಿಸಿರುವ ನಿನ್ನ ಕಾಲೇಜು ಪಟ್ಟಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಿದರೆ ಜಗಳವಾಗುತ್ತದೆ, ಅದಕ್ಕೇ ಕಾಗದ.

ಪಟ್ಟಿಯಲ್ಲಿ ಯಾರ ಹೆಸರು ದೊಡ್ಡದೋ ಅವರು ಮೇಲೆ ಇದ್ದಾರೆ. ನಾನೂ ನಿನ್ನ ವಯಸ್ಸಿನಲ್ಲಿ ಹಾಗೇ ಬರೆಯುತ್ತಿದ್ದೆ. ಮೊದಲನೆಯದು ಟೆಕ್ಸಸ್‌ನ ಡೆಂಟನ್ ಊರಿನ ಯೂನಿವರ್ಸಿಟಿ. ಅಮೆರಿಕದಲ್ಲಿ ಜಾಝ್‌ಗೆ ಮೊದಲು ಡಿಗ್ರಿ ಕೊಟ್ಟಿದ್ದು ಅವರೇ, 1947ರಲ್ಲಿ. ಆದರೆ ಜಾಝ್ ಅನ್ನೋಕೆ ಆಗ ಅಳುಕು. ಡಿಗ್ರಿಗೆ 'ಡ್ಯಾನ್ಸ್ ಬ್ಯಾಂಡ್' ಅಂತ ಹೆಸರಿಟ್ಟರು. (ಮನೆಯಲ್ಲಿ ಡ್ಯಾನ್ಸ್ ಬ್ಯಾಂಡ್ ಓದ್ತೀನಿ ಅನ್ನೋದು ಇನ್ನೂ ಕಷ್ಟ ಅಲ್ವಾ?) ಅಲ್ಲಿನ ಬ್ಯಾಂಡುಗಳಿಗೆ ಪ್ರಾಕ್ಟೀಸ್ ಮಾಡುತ್ತಿದ್ದ ಹೊತ್ತಿನದೇ ಹೆಸರು. ಒಂದು ಗಂಟೆಯ ಬ್ಯಾಂಡ್, ಎರಡು ಗಂಟೆಯ ಬ್ಯಾಂಡ್, ಹೀಗೇ ಮುಂದಕ್ಕೆ. ಒಂದು ಗಂಟೆಯವರು ಎಲ್ಲರಿಗಿಂತ ಮೇಲೆ. ನೀನು ಯೂಟ್ಯೂಬಿನಲ್ಲಿ ಬಾಯಿ ಬಿಟ್ಟು ನೋಡೋದು ಅವರನ್ನೇ.

ಈಗ ಲೆಕ್ಕ ಹಾಕು. ಬಿಗ್ ಬ್ಯಾಂಡ್ ಅನ್ನೋ ದೊಡ್ಡ ಜಾಝ್ ತಂಡದಲ್ಲಿ ಸ್ಯಾಕ್ಸೋಫೋನಿಗೆ ಇರೋದು ಐದೇ ಕುರ್ಚಿ. ಎರಡು ಆಲ್ಟೊ, ಎರಡು ಟೆನರ್, ಒಂದು ಬ್ಯಾರಿಟೋನ್. ನಿನ್ನ ಟೆನರಿಗೆ ಎರಡು. ದೊಡ್ಡ ಹೆಸರಿನ ಕಡೆ ಟೆನರ್ ಹಿಡಿದು ಬರೋರು ಎಷ್ಟು ಜನ ಇರಬಹುದು? ನೀನು ಬೇಸ್ ನುಡಿಸುತ್ತಿದ್ದರೆ ನಾನು ಈ ಕಾಗದ ಬರೆಯುತ್ತಲೇ ಇರಲಿಲ್ಲ. ಬೇಸಿನವರು ಯಾವಾಗಲೂ ಕಮ್ಮಿ, ಪ್ರತಿ ಕಾಂಬೋಗೂ, ಅಂದರೆ ಸಣ್ಣ ಜಾಝ್ ತಂಡಕ್ಕೂ, ಒಬ್ಬರು ಬೇಕೇ ಬೇಕು. ಅವರನ್ನು ಎಲ್ಲರೂ ಕರೆಯುತ್ತಾರೆ. ಟೆನರಿನವರು ಕಾಯುತ್ತಾರೆ.

ಅದಕ್ಕೆ ನಾನು ಹೇಳೋದು ಇಷ್ಟೇ. ಎಲ್ಲಿಗೇ ಹೋದರೂ ಒಂದು ಗಂಟೆಯ ಬ್ಯಾಂಡಿನಂಥ ಮೇಲಿನ ಬ್ಯಾಂಡನ್ನಷ್ಟೇ ಕೇಳಿ ವಾಪಸು ಬರಬೇಡ. ಅದನ್ನು ಅವರೇ ತೋರಿಸುತ್ತಾರೆ. ಎಲ್ಲರಿಗಿಂತ ಕೆಳಗಿನ ಕಾಂಬೋ ಯಾವ ರೂಮಿನಲ್ಲಿ ನುಡಿಸುತ್ತದೆ ಕೇಳು, ಅಲ್ಲಿ ಹೋಗಿ ಹಿಂದೆ ಕೂತುಕೋ. ಮೊದಲ ವರ್ಷ ನೀನು ಇರೋದು ಬಹುಶಃ ಅಲ್ಲೇ. ಆ ರೂಮಿಗೆ ಪಾಠ ಹೇಳೋಕೆ ಯಾರು ಬರುತ್ತಾರೆ? ತಪ್ಪಿದ ಹುಡುಗನನ್ನು ನಿಲ್ಲಿಸಿ ತಿದ್ದುತ್ತಾರಾ, ಇಲ್ಲಾ ವಾಚ್ ನೋಡಿಕೊಳ್ಳುತ್ತಾರಾ? ಅದನ್ನು ನೋಡು.

ಕಳೆದ ತಿಂಗಳು ನಾವು ನೋಡಿಕೊಂಡು ಬಂದ ಕಾಲೇಜು ನೆನಪಿದೆ ತಾನೆ? ಹೆಸರು ಬರೆಯೋದು ಬೇಡ. ಆ ಆಡಿಟೋರಿಯಂ, ಆ ಹೊಸ ಪಿಯಾನೋ ನೋಡಿ ನಾನು ಅಲ್ಲೇ ಫೀಸು ಕಟ್ಟಿಬಿಡುತ್ತಿದ್ದೆ. ತಿರುಗಿ ನೋಡಿದರೆ ನೀನೇ ಇಲ್ಲ. ಹುಡುಕಿಕೊಂಡು ಬಂದರೆ ನೀನು ನೆಲಮಾಳಿಗೆಯ ಪ್ರಾಕ್ಟೀಸ್ ರೂಮಿನ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ. ಅಲ್ಲೇ ಕಾರಿಡಾರಿನಲ್ಲಿ ಕೂತಿದ್ದ ಹುಡುಗ ಹೇಳಿದ, ಕಾಲೇಜಿನ ಪರಿಚಯ ಪುಸ್ತಕದ ಮುಖಪುಟದಲ್ಲಿರೋ ಆ ದೊಡ್ಡ ಮನುಷ್ಯರು ವರ್ಷಕ್ಕೆ ಎರಡು ಸಲ ಬಂದು ಹೋಗೋದು ಅಂತ. ಟೂರಿನಲ್ಲಿ ಒಬ್ಬರೂ ಹೇಳದ ಮಾತು ಅದು. ಅಂದಿನಿಂದ ನಾನು ಮುಖಪುಟ ನೋಡೋದು ಬಿಟ್ಟೆ. ವಾರಕ್ಕೊಂದು ಗಂಟೆ ನಿನ್ನ ಎದುರು ಕೂರೋದು ಯಾರು? ಅವರಿಗೆ ಈಗಲೇ ಮೇಲ್ ಬರೆದು ಒಂದು ಟ್ರಯಲ್ ಪಾಠ ಕೇಳು. ಸುಮಾರು ಜನ ಒಪ್ಪುತ್ತಾರೆ. ದುಡ್ಡು ಕೇಳಿದರೆ ನಾನು ಕೊಡುತ್ತೇನೆ.

ಬ್ಯಾಚುಲರ್ ಆಫ್ ಮ್ಯೂಸಿಕ್ಕೋ, ಬಿ.ಎ.ನೋ ಅನ್ನೋದನ್ನೂ ನೋಡಿಕೋ. ಮೊದಲನೆಯದರಲ್ಲಿ ಹತ್ತಿರಹತ್ತಿರ ಮೂರರಲ್ಲಿ ಎರಡು ಪಾಲು ಸಂಗೀತವೇ. ಬಿ.ಎ.ಯಲ್ಲಿ ಅರ್ಧಕ್ಕಿಂತ ಕಮ್ಮಿ. ಬಯಾಲಜಿ ಬಿಡೋಕೆ ಮನಸ್ಸಿಲ್ಲ ಅಂತಿದ್ದೆಯಲ್ಲ, ಓಬರ್ಲಿನ್ ಕಾಲೇಜಿನ ತರಹದ ಕಡೆ ಐದು ವರ್ಷಕ್ಕೆ ಎರಡೂ ಡಿಗ್ರಿ ಮಾಡಬಹುದು. ನಾನು ಒತ್ತಾಯ ಮಾಡೋದಿಲ್ಲ. ಸ್ವಲ್ಪ ಮಾಡುತ್ತೇನೆ.

ನ್ಯೂಯಾರ್ಕಿನಲ್ಲಿ ಓದಬೇಕು ಅಂತೀಯಲ್ಲ, ಅದರಲ್ಲಿ ಮಾತ್ರ ನಿನ್ನ ಮಾತೇ ಸರಿ. ಅಲ್ಲಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ಜಾಝ್ ಕ್ಲಬ್ಬು 1935ರಿಂದ ಇದೆ, ಅಲ್ಲಿ ಸೋಮವಾರ ರಾತ್ರಿ ಬಿಗ್ ಬ್ಯಾಂಡ್ ಶುರುವಾಗಿದ್ದು 1966ರಲ್ಲಿ. ಅಂಥ ಊರಲ್ಲಿ ಕ್ಲಾಸಿನಷ್ಟೇ ಪಾಠ ರಾತ್ರಿ ಹೊರಗೂ ಸಿಗುತ್ತದೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1944ರಲ್ಲಿ ನ್ಯೂಯಾರ್ಕಿನ ಸಂಗೀತ ಶಾಲೆ ಜೂಲಿಯಾರ್ಡ್ ಸೇರಿದ್ದು ನೆಪಕ್ಕೆ. ರಾತ್ರಿಯೆಲ್ಲಾ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್‌ನನ್ನು ಹುಡುಕಿಕೊಂಡು ಕ್ಲಬ್ಬು ಸುತ್ತುತ್ತಿದ್ದ, ಕೋರ್ಸು ಮುಗಿಸಲೇ ಇಲ್ಲ. ಜೂಲಿಯಾರ್ಡಿನಲ್ಲಿ ಜಾಝ್ ಕೋರ್ಸು ಬಂದಿದ್ದೇ 2001ರಲ್ಲಿ. ನೀನು ಈ ಕತೆ ಹೇಳುವಾಗೆಲ್ಲ ನನಗೆ ಮೈಲ್ಸ್ ನೆನಪಾಗೋದಿಲ್ಲ, ಅವರಪ್ಪ ನೆನಪಾಗುತ್ತಾರೆ. ಹಲ್ಲಿನ ಡಾಕ್ಟರು. ಎಷ್ಟು ಹಲ್ಲು ಕಿತ್ತು ಆ ಫೀಸು ಕಟ್ಟಿದರೋ.

ದುಡ್ಡಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ನಿನ್ನ ಅಮ್ಮ ಹೇಳೋದು ಜಿಪುಣತನಕ್ಕಲ್ಲ. ದೊಡ್ಡ ಸಾಲ ಹೊತ್ತುಕೊಂಡು ಹೊರಗೆ ಬಂದರೆ, ಕಮ್ಮಿ ದುಡ್ಡಿನ ಒಳ್ಳೇ ಗಿಗ್, ಅಂದರೆ ನುಡಿಸೋ ಕೆಲಸ, ಬಂದಾಗ ಒಪ್ಪಿಕೊಳ್ಳೋಕೆ ಆಗೋದಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ನಿನಗೆ ಬೇಕಾಗೋದು ಅಂಥವೇ. ಮೇಷ್ಟ್ರು ಎರಡೂ ಕಡೆ ಚೆನ್ನಾಗಿದ್ದರೆ, ಸ್ಕಾಲರ್‌ಶಿಪ್ ಜಾಸ್ತಿ ಕೊಟ್ಟ ಕಡೆ ಹೋಗು. ಇದೊಂದರಲ್ಲಿ ನಾನು ಬಗ್ಗೋದಿಲ್ಲ.

ಆಡಿಷನ್‌ಗೆ ಕರೆಯೋಕೆ ಮುಂಚೆ ಕಾಲೇಜುಗಳು ಕೇಳೋ ಪ್ರೀಸ್ಕ್ರೀನ್ ವಿಡಿಯೋಗಳನ್ನು ನವೆಂಬರ್ ಕೊನೆಯೊಳಗೆ ಮುಗಿಸಿಬಿಡೋಣ. ಒಂದು ಬ್ಲೂಸ್, ಒಂದು ನಿಧಾನದ ಬ್ಯಾಲಡ್, ಒಂದು ವೇಗದ್ದು, ಅಷ್ಟು ಇದ್ದರೆ ಸುಮಾರು ಕಡೆಗೆ ಆಗುತ್ತದೆ. ಬ್ಯಾಲಡ್ ಮೊದಲು ಮಾಡು, ಅದರಲ್ಲಿ ನೀನು ಓಡೋದಿಲ್ಲ. ಶನಿವಾರ ಫ್ಯಾನು, ವಾಷಿಂಗ್ ಮಷೀನು ಎಲ್ಲಾ ಆಫ್ ಮಾಡಿ ಕ್ಯಾಮೆರಾ ನಾನು ಹಿಡಿಯುತ್ತೇನೆ.

ಸ್ಯಾಕ್ಸೋಫೋನಿನ ಬಾಯಿಗೆ ಕಟ್ಟೋ ರೀಡ್ ಪಟ್ಟಿ ನಿನ್ನ ಡಬ್ಬಿಯಲ್ಲಿ ಉಳಿದಿರೋದು ಒಂದೇ, ಅದರ ತುದಿಯೂ ಸೀಳಿದೆ. ಎರಡೂವರೆ ನಂಬರಿನದು ತರಲಾ, ಮೂರನೇ ನಂಬರಿನದು ತರಲಾ? ಈ ಕಾಗದದ ಹಿಂದೆ ಬರೆದು ಫ್ರಿಜ್ಜಿಗೆ ಅಂಟಿಸು.

ಅಪ್ಪ