ಯೆಜ್ಡಿ ಹೆಡ್ ಕೆಲಸ: ಶುಕ್ರವಾರದೊಳಗೆ ತಿಳಿಸಿ

ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 8 ಗಂಟೆಗೆ ನಮ್ಮ ಹಳೆಯ ಯೆಜ್ಡಿ 250 ಬೈಕುಗಳ ಎಂಜಿನ್ನಿನ ಮೇಲ್ಮುಚ್ಚಳಗಳಾದ ಸಿಲಿಂಡರ್ ಹೆಡ್‌ಗಳನ್ನು ಒಟ್ಟಾಗಿ ಮೈಸೂರಿನ ಮಂಡಿ ಮೊಹಲ್ಲಾದ ಲೇತ್ ಅಂಗಡಿಗೆ ರಿಪೇರಿಗೆ ಕೊಡಲಿದ್ದೇವೆ. ಹೆಡ್ ಬಳಿ ಗ್ಯಾಸ್ ಸೋರುತ್ತಿರುವ ಅಥವಾ ಸ್ಪಾರ್ಕ್ ಪ್ಲಗ್ ಕೂರುವ ಥ್ರೆಡ್ ಸವೆದಿರುವ ಗಾಡಿಯವರು ಮಾತ್ರ ತರಬೇಕು.

ಇದರ ಬದಲು ಹೆಚ್ಚು ಶಕ್ತಿಗಾಗಿ, ಇಂಧನದ ಮಿಶ್ರಣವನ್ನು ಇನ್ನಷ್ಟು ಒತ್ತುವ, ಅಂದರೆ ಹೆಚ್ಚು ಕಂಪ್ರೆಷನ್‌ನ ಹೊಸ ಹೆಡ್ ತರಿಸಬಾರದೇ ಎಂದು ಕೆಲವರು ಕೇಳಿದ್ದೀರಿ. ಟೂ ಸ್ಟ್ರೋಕ್ ಹೆಡ್‌ನಲ್ಲಿ ವಾಲ್ವುಗಳೇ ಇಲ್ಲದ ಕಾರಣ, ಒಳಗೆ ಕಟ್ಟಿದ ಕರಿ ಕೆರೆದು, ಸಿಲಿಂಡರಿನ ಮೇಲೆ ಕೂರುವ ಮುಖವನ್ನು ಸಮಮಾಡಿಸಿ, ಥ್ರೆಡ್‌ಗೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ತಂತಿಸುರುಳಿ) ಕೂರಿಸಿದರೆ ಹಳೆಯದೇ ಬಹುಕಾಲ ಬಾಳುತ್ತದೆ. ಕಂಪ್ರೆಷನ್ ಏರಿಸಿದರೆ ಟೈಮಿಂಗ್ (ಕಿಡಿ ಹಾರುವ ಸಮಯ), ಜೆಟ್ (ಕಾರ್ಬುರೇಟರಿನ ಇಂಧನ ರಂಧ್ರ) ಎರಡನ್ನೂ ಅದಕ್ಕೆ ಹೊಂದಿಸಬೇಕು. ಇಲ್ಲವಾದರೆ ಚಾಮುಂಡಿ ಬೆಟ್ಟದ ಏರಿನಲ್ಲಿ ಎಂಜಿನ್ ನಾಕ್ ಆಗಿ (ಒಳಗೆ ಇಂಧನ ಅಡ್ಡಾದಿಡ್ಡಿ ಸಿಡಿದು) ಪಿಸ್ಟನ್ ತೂತಾಗಬಹುದು. ಮುಖವನ್ನು ಅತಿಯಾಗಿ ತೆಗೆಸಿದರೂ ಕಂಪ್ರೆಷನ್ ಏರುತ್ತದೆ ಎಂಬುದನ್ನು ಮರೆಯಬೇಡಿ. ಬಿರುಕು ಬಿಟ್ಟ ಹೆಡ್ ಇದ್ದವರಿಗೆ ಮಾತ್ರ ಹೊಸದು ಕೊಳ್ಳುವುದು ಸೂಕ್ತವೆಂದು ನನ್ನ ಅಭಿಪ್ರಾಯ. ಯೆಜ್ಡಿ 250 ತಯಾರಿಸುತ್ತಿದ್ದ ಯಾದವಗಿರಿಯ ಕಾರ್ಖಾನೆ 1996ರಲ್ಲೇ ಮುಚ್ಚಿರುವುದರಿಂದ, ಹೊಸದು ಕೊಂಡವರೂ ಹಳೆಯ ಹೆಡ್ಡನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.

ಹೆಡ್ ಬಿಚ್ಚುವಾಗ ಎಂಜಿನ್ ಪೂರ್ತಿ ತಣ್ಣಗಿರಲಿ, ನಟ್ಟುಗಳನ್ನು ಅಡ್ಡಕ್ಕಡ್ಡ ಸ್ವಲ್ಪಸ್ವಲ್ಪವೇ ಸಡಿಲಿಸಿ. ಗಾಡಿಯ ನಂಬರ್ ಬರೆದ ಚೀಟಿ ಕಟ್ಟಿ ತನ್ನಿ. ಬರುವವರು ‘ಹಳೆಯದು’ ಅಥವಾ ‘ಹೊಸದು’ ಎಂದು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಉತ್ತರಿಸಬೇಕೆಂದು ಕೋರುತ್ತೇನೆ.