ಗೆದ್ದಾಗ ಕೆಚ್ಚು, ಸೋತಾಗ ಸೊಕ್ಕು

ಸಂಪಾದಕರಿಗೆ,

ಮಾನ್ಯರೇ,

ಭಾರತ ಫುಟ್‌ಬಾಲ್ ತಂಡವು 2027ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಲಾಗದೆ ಹೊರಬಿದ್ದ ನಂತರ ಕೋಚ್ ಖಾಲಿದ್ ಜಮೀಲ್ ಅವರಿಗೆ ಸಾಮರ್ಥ್ಯವೇ ಇಲ್ಲ ಎಂದು ಕೇಳಿಬರುತ್ತಿರುವ ಮಾತುಗಳು ಈ ಪತ್ರಕ್ಕೆ ಕಾರಣ. ಕೊಡಗು ಹಾಕಿಯ ತವರು ಎಂಬುದು ನಿಜವೇ ಆದರೂ ಸುಂಟಿಕೊಪ್ಪದಂಥ ಊರುಗಳಲ್ಲಿ ಫುಟ್‌ಬಾಲ್‌ಗೆ ಅದರದೇ ಆದ ಗಟ್ಟಿ ಅಭಿಮಾನಿ ಬಳಗವಿದೆ. ಶಾಲಾ ಮೈದಾನದಲ್ಲಿ ಪಂದ್ಯಾವಳಿ ನಡೆಯುವ ದಿನಗಳಲ್ಲಿ ತೋಟದ ಕೆಲಸ ಮುಗಿಸಿದವರು ನೇರವಾಗಿ ಅಲ್ಲಿಗೇ ಬಂದು ನಿಲ್ಲುತ್ತಾರೆ. ಆಟಗಾರನನ್ನು ಬದಲಾಯಿಸಲು ಕೋಚ್ ಐದು ನಿಮಿಷ ತಡಮಾಡಿದರೂ ಗೆರೆಯಾಚೆಯಿಂದ ಗದರುತ್ತಾರೆ. ಆ ಆಸಕ್ತಿಯ ಬಗ್ಗೆ ನನಗೆ ಹೆಮ್ಮೆಯಿದೆ. ನನ್ನ ತಕರಾರು ಇರುವುದು ಫಲಿತಾಂಶ ಬಂದ ಮೇಲೆ ನಾವು ಕೊಡುವ ತೀರ್ಪುಗಳ ಬಗ್ಗೆ.

2025ರ ಸೆಪ್ಟೆಂಬರ್‌ನಲ್ಲಿ ಒಮಾನ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿ ಭಾರತ ಮಧ್ಯ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಕಾಫಾ ನೇಷನ್ಸ್ ಕಪ್‌ನಲ್ಲಿ ಮೂರನೇ ಸ್ಥಾನ ಪಡೆದಾಗ, ಹೆಚ್ಚು ಮಾತನಾಡದ ಜಮೀಲ್ ಅವರನ್ನು ಎಲ್ಲರೂ ತೂಕದ ಮನುಷ್ಯ ಎಂದರು. ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ತಂಡವು ಸಿಂಗಪುರಕ್ಕೆ 1–2ರಿಂದ ಸೋತ ಮೇಲೆ ಅದೇ ಮಿತಭಾಷೆ, ಹೇಳಲು ಏನೂ ಇಲ್ಲದವರ ಮೌನವಾಗಿ ಕಾಣತೊಡಗಿತು. ಇವೆರಡರ ನಡುವೆ ಕಳೆದದ್ದು ಸುಮಾರು ಐದು ವಾರ. ಐದು ವಾರಗಳಲ್ಲಿ ಒಬ್ಬ ವ್ಯಕ್ತಿಯ ಸ್ವಭಾವ ಬದಲಾಗುವುದಿಲ್ಲ. ಬದಲಾದದ್ದು ಅಂಕಪಟ್ಟಿ, ಅದಕ್ಕೆ ಹೊಂದುವಂತೆ ಸ್ವಭಾವದ ವರ್ಣನೆಯನ್ನು ನಾವು ತಿದ್ದಿಕೊಂಡೆವು.

ಇದಕ್ಕೂ ಮೊದಲು 2019ರಿಂದ 2024ರವರೆಗೆ ತಂಡದ ಹೊಣೆ ಹೊತ್ತಿದ್ದ ಕ್ರೊಯೇಷ್ಯಾದ ಇಗೊರ್ ಸ್ಟಿಮಾಚ್ ಅವರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗಿ ನಡೆಯಿತು. 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ತಂಡದಲ್ಲಿ ಆಡಿದ್ದವರು ಎಂಬ ಕಾರಣಕ್ಕೆ ಅವರನ್ನು ಗೌರವದಿಂದಲೇ ಬರಮಾಡಿಕೊಂಡೆವು. 2019ರಲ್ಲೇ ದೋಹಾದಲ್ಲಿ, ಆಗಿನ ಏಷ್ಯಾ ಚಾಂಪಿಯನ್ ಕತಾರ್ ಎದುರು ತಂಡವು ಗೋಲಿಲ್ಲದ ಡ್ರಾ ಸಾಧಿಸಿದಾಗ ಆ ಗೌರವ ಇಮ್ಮಡಿಯಾಯಿತು. 2021ರ ಮಾರ್ಚ್‌ನಲ್ಲಿ ಯುಎಇ ಎದುರು 0–6ರಿಂದ ಸೋತಾಗ ಅವರನ್ನು ಮನೆಗೆ ಕಳುಹಿಸಿ ಎಂಬ ಕೂಗೆದ್ದಿತು.

2023ರ ಜೂನ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್‌ನ ಆ ಸಂಜೆಯನ್ನು ನಿಮ್ಮ ಓದುಗರಲ್ಲಿ ಅನೇಕರು ನೋಡಿರುತ್ತಾರೆ. ಪಾಕಿಸ್ತಾನದ ಆಟಗಾರ ಗೆರೆಯ ಬಳಿ ಚೆಂಡು ಹಿಡಿದು ಥ್ರೋ ಮಾಡಲು ಅಣಿಯಾಗುತ್ತಿದ್ದಾಗ ಸ್ಟಿಮಾಚ್ ಹಿಂದಿನಿಂದ ಬಂದು ಚೆಂಡನ್ನು ಅವರ ಕೈಯಿಂದ ತಪ್ಪಿಸಿದರು. ಎರಡೂ ಕಡೆಯ ಆಟಗಾರರು ಮುಗಿಬಿದ್ದರು, ರೆಫರಿ ಕೆಂಪು ಕಾರ್ಡ್ ತೋರಿಸಿದರು. ಸುನಿಲ್ ಚೆಟ್ರಿ ಹ್ಯಾಟ್ರಿಕ್ ಗಳಿಸಿ ಭಾರತ 4–0ಯಿಂದ ಗೆದ್ದಿದ್ದರಿಂದ ಕೋಚ್‌ನ ಆ ವರ್ತನೆಯನ್ನು ಕೆಚ್ಚು ಎಂದು ಕೊಂಡಾಡಿದೆವು. ಅದೇ ಟೂರ್ನಿಯಲ್ಲಿ ಕುವೈತ್ ಎದುರಿನ ಪಂದ್ಯದಲ್ಲಿ ಅವರು ಮತ್ತೊಂದು ಕೆಂಪು ಕಾರ್ಡ್ ಪಡೆದು ಸೆಮಿಫೈನಲ್‌ಗೂ ಫೈನಲ್‌ಗೂ ನಿಷೇಧಕ್ಕೊಳಗಾದರು. ಕಪ್ ಗೆದ್ದ ರಾತ್ರಿ ಮೈದಾನದಂಚಿನಲ್ಲಿ ನಿಂತು ತಂಡವನ್ನು ನಡೆಸಿದವರು ಸಹಾಯಕ ಕೋಚ್ ಮಹೇಶ್ ಗಾವಳಿ. ತನ್ನ ಕೋಪದಿಂದ ತಂಡಕ್ಕೇ ಎರವಾದ ಕೋಚ್‌ನನ್ನು ಆ ದಿನ ಯಾರೂ ಪ್ರಶ್ನಿಸಲಿಲ್ಲ, ಏಕೆಂದರೆ ಟ್ರೋಫಿ ನಮ್ಮದಾಗಿತ್ತು. ಆ ಜುಲೈನಲ್ಲಿ ಫಿಫಾ ಕ್ರಮಾಂಕದಲ್ಲಿ ಭಾರತ 99ನೇ ಸ್ಥಾನಕ್ಕೂ ಏರಿತು.

2024ರ ಜನವರಿಯಲ್ಲಿ ಏಷ್ಯಾ ಕಪ್‌ನ ಮೂರೂ ಪಂದ್ಯಗಳನ್ನು ಒಂದೂ ಗೋಲು ಗಳಿಸದೆ ಸೋತೆವು. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನಕ್ಕೆ 1–2ರಿಂದ ತಲೆಬಾಗಿದೆವು. ಅಂದಿನಿಂದ ಸ್ಟಿಮಾಚ್ ಅವರ ಕೆಚ್ಚು ಸೊಕ್ಕಾಯಿತು, ನೇರ ನುಡಿ ಬಾಯಿಬಡುಕತನವಾಯಿತು. ಜೂನ್‌ನಲ್ಲಿ ಅವರನ್ನು ವಜಾ ಮಾಡಲಾಯಿತು. ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಅವರ ಸಿಡುಕು 2023ರಲ್ಲಿಯೇ ದೋಷವಾಗಿತ್ತು ಮತ್ತು ಆಗಲೇ ಅದನ್ನು ದೋಷವೆಂದು ಕರೆಯಬೇಕಿತ್ತು. ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿಗೆ ತಂಡವನ್ನು ಮುಟ್ಟಿಸದಿದ್ದರೆ ತಾನೇ ಹೊರಡುವುದಾಗಿ ಬಹಿರಂಗವಾಗಿ ಹೇಳಿ, ಮುಟ್ಟಿಸಲಾಗದಿದ್ದಾಗ ತಾವಾಗಿ ಹೊರಡದೇ ಉಳಿದದ್ದು ಕೂಡ ಅವರ ಲೆಕ್ಕಕ್ಕೇ ಸೇರಬೇಕಾದ ಸಂಗತಿ. ಅದೇ ನ್ಯಾಯದಿಂದ, ಶಿಬಿರಕ್ಕೆ ಸಾಕಷ್ಟು ದಿನ ಕೊಡಿ ಎಂದು ಅವರು ಮತ್ತೆ ಮತ್ತೆ ಕೇಳಿದ್ದು ಸೋತ ಮೇಲೆ ಕಟ್ಟಿದ ನೆಪವಾಗಿರಲಿಲ್ಲ ಎಂಬುದನ್ನೂ ಒಪ್ಪಬೇಕು. 2023ರ ಸೆಪ್ಟೆಂಬರ್‌ನಲ್ಲಿ ಏಷ್ಯನ್ ಗೇಮ್ಸ್‌ಗಾಗಿ ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡಲು ಹಿಂದೇಟು ಹಾಕಿದವು. ಕೊನೆಗೆ ಹೇಗೋ ಕೂಡಿಸಿದ ತಂಡವು ಹಾಂಗ್‌ಝೌ ತಲುಪಿದ್ದು ಮೊದಲ ಪಂದ್ಯದ ಹಿಂದಿನ ದಿನ. ಮರುದಿನ ಚೀನಾ ಎದುರು 1–5ರಿಂದ ಸೋತಿತು. ಆ ಐದು ಗೋಲುಗಳಲ್ಲಿ ಕೋಚ್‌ನ ಪಾಲೆಷ್ಟು, ಆಡಳಿತದ ಪಾಲೆಷ್ಟು ಎಂದು ಕೇಳಿದವರು ಬಹಳ ಕಡಿಮೆ.

ಸಾಮರ್ಥ್ಯದ ಮಾತಿಗೆ ಬಂದರೆ, ರಾಷ್ಟ್ರೀಯ ತಂಡದ ಕೋಚ್‌ನ ಕೈಯಲ್ಲಿರುವುದು ನಾವು ಭಾವಿಸಿರುವುದಕ್ಕಿಂತ ತೀರಾ ಕಡಿಮೆ. ವರ್ಷದ ಬಹುಪಾಲು ಆಟಗಾರರು ಕ್ಲಬ್‌ಗಳ ವಶದಲ್ಲಿರುತ್ತಾರೆ. ಕೋಚ್‌ಗೆ ಸಿಗುವುದು ಫಿಫಾ ನಿಗದಿಪಡಿಸಿದ ಕೆಲವೇ ದಿನಗಳು. ಯಾರನ್ನು ಆರಿಸಿದರು, ಎಲ್ಲಿ ಆಡಿಸಿದರು, ಯಾವಾಗ ಬದಲಾಯಿಸಿದರು ಎಂಬುದು ಅವರ ಹೊಣೆ. ಗೋಲು ಗಳಿಸುವ ಮುಂಚೂಣಿ ಆಟಗಾರರೇ ತಯಾರಾಗದಿರುವುದು ಅವರೊಬ್ಬರ ಹೊಣೆಯಲ್ಲ. ವಿದಾಯ ಹೇಳಿದ್ದ ಚೆಟ್ರಿ ಅವರನ್ನು 2025ರ ಮಾರ್ಚ್‌ನಲ್ಲಿ, ಆಗಿನ ಕೋಚ್ ಮನೋಲೊ ಮಾರ್ಕ್ವೆಜ್ ಅವಧಿಯಲ್ಲಿ, ಮತ್ತೆ ಕರೆತರಬೇಕಾಗಿ ಬಂದದ್ದೇ ಇದಕ್ಕೆ ಸಾಕ್ಷಿ.

ಜಮೀಲ್ ಅವರ ಲೆಕ್ಕವನ್ನೂ ಹೀಗೆಯೇ ಬಿಡಿಸಿ ನೋಡಬೇಕೆಂಬುದು ನನ್ನ ಆಗ್ರಹ. ಅವರು ಅಧಿಕಾರ ವಹಿಸಿಕೊಂಡದ್ದು 2025ರ ಆಗಸ್ಟ್‌ನಲ್ಲಿ. ಅಷ್ಟರಲ್ಲಾಗಲೇ ಅರ್ಹತಾ ಸುತ್ತಿನ ಎರಡು ಪಂದ್ಯಗಳು ಮುಗಿದಿದ್ದವು: ಬಾಂಗ್ಲಾದೇಶದ ಎದುರು ಡ್ರಾ, ಹಾಂಗ್‌ಕಾಂಗ್ ಎದುರು ಸೋಲು, ಗಳಿಸಿದ್ದು ಒಂದೇ ಅಂಕ. ವಾಣಿಜ್ಯ ಹಕ್ಕಿನ ಒಪ್ಪಂದ ಇತ್ಯರ್ಥವಾಗದೆ ದೇಶದ ಪ್ರಮುಖ ಲೀಗ್ ಆದ ಐಎಸ್‌ಎಲ್ ನಿಂತಿತ್ತು. ಆಟಗಾರರಿಗೆ ಲೀಗ್ ಪಂದ್ಯಗಳೇ ಇರಲಿಲ್ಲ. ಇಷ್ಟಾದರೂ ಮಡಗಾಂವ್‌ನಲ್ಲಿ ಮೊದಲು ಗೋಲು ಗಳಿಸಿ ಮುನ್ನಡೆದ ತಂಡವು ಆ ಮುನ್ನಡೆಯನ್ನು ಕೈಬಿಟ್ಟದ್ದಕ್ಕೆ ಕೋಚ್ ಉತ್ತರಿಸಲೇಬೇಕು, ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವುದರಲ್ಲಿ ತಪ್ಪೇನೂ ಇಲ್ಲ. 2017ರಲ್ಲಿ ಮಿಜೋರಾಂನ ಐಜ್ವಾಲ್‌ನಂಥ ಸಣ್ಣ ಕ್ಲಬ್ಬನ್ನು ರಾಷ್ಟ್ರೀಯ ಲೀಗ್ ಆದ ಐ–ಲೀಗ್ ಚಾಂಪಿಯನ್ ಮಾಡಿದವರಿಗೆ ಸಾಮರ್ಥ್ಯವೇ ಇಲ್ಲ ಎನ್ನುವುದು ಮಾತ್ರ ಅವಿವೇಕ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. 1986ರಲ್ಲಿ ಬಂದ ಅಲೆಕ್ಸ್ ಫರ್ಗ್ಯುಸನ್ ಅವರನ್ನು ತೊಲಗಿಸಿ ಎಂಬ ಬ್ಯಾನರ್‌ಗಳು ಮೂರೇ ವರ್ಷದಲ್ಲಿ ಅಲ್ಲಿನ ಗ್ಯಾಲರಿಯಲ್ಲಿ ಕಾಣಿಸಿದ್ದವು. ಅವರ ಮೊದಲ ಲೀಗ್ ಪ್ರಶಸ್ತಿ ಬಂದದ್ದು 1993ರಲ್ಲಿ, ನಿವೃತ್ತರಾಗುವಾಗ ಲೆಕ್ಕ ಹದಿಮೂರಕ್ಕೆ ಮುಟ್ಟಿತ್ತು. ಕಾದು ಕುಳಿತರೆ ಎಲ್ಲರೂ ಫರ್ಗ್ಯುಸನ್ ಆಗುತ್ತಾರೆಂದು ನಾನು ಹೇಳುತ್ತಿಲ್ಲ. ಅವರನ್ನು ಉಳಿಸಿಕೊಂಡವರು ಗ್ಯಾಲರಿಯ ಕೂಗಿನಾಚೆಗೆ ಕ್ಲಬ್‌ನ ಒಳಗೆ ನಡೆಯುತ್ತಿದ್ದ ಕೆಲಸವನ್ನು ನೋಡಿದ್ದರು. ಅಂಥ ನೋಟ ನಮಗೆ ದಕ್ಕಬೇಕಾದರೆ ಮಾಹಿತಿ ಬೇಕು.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಭಾರತ ತಂಡದ ಪಂದ್ಯದ ವರದಿಯ ಜೊತೆಗೆ, ಆ ಪಂದ್ಯಕ್ಕೆ ಮುನ್ನ ಶಿಬಿರ ಎಷ್ಟು ದಿನ ನಡೆಯಿತು, ಕರೆದ ಆಟಗಾರರಲ್ಲಿ ಎಷ್ಟು ಮಂದಿಯನ್ನು ಕ್ಲಬ್‌ಗಳು ಬಿಟ್ಟುಕೊಟ್ಟವು, ಅವರು ಆ ಋತುವಿನಲ್ಲಿ ಎಷ್ಟು ಪಂದ್ಯ ಆಡಿದ್ದರು ಎಂಬ ಮೂರು ಸಾಲುಗಳನ್ನೂ ಪ್ರಕಟಿಸಬೇಕು. ಗೆದ್ದ ದಿನವೂ ಅವು ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಇರಲಿ.

ಇಂತಿ,
ಫುಟ್‌ಬಾಲ್ ಅಭಿಮಾನಿ ಓದುಗ,
ಸುಂಟಿಕೊಪ್ಪ, ಕೊಡಗು